ಡೊಮೈನ್ ಯಾರ ಹೆಸರಿನಲ್ಲಿದೆ, ವಿವರ ಯಾರ ಕೈಯಲ್ಲಿದೆ?

ಸ್ವಂತ ಜಾಲತಾಣ ತೆರೆಯುವವರು ಮೊದಲು ಪಡೆಯಬೇಕಾದದ್ದು ಡೊಮೈನ್, ಅಂದರೆ ಅಂತರಜಾಲದಲ್ಲಿ ಆ ತಾಣವೊಂದಕ್ಕೇ ಮೀಸಲಾದ ಹೆಸರು. ಅದನ್ನು ಕೊಳ್ಳುವುದು ಎಂದು ರೂಢಿಯಲ್ಲಿ ಹೇಳುವುದಾದರೂ ಅದು ವಾಸ್ತವದಲ್ಲಿ ಒಂದರಿಂದ ಹತ್ತು ವರ್ಷಗಳ ಅವಧಿಗೆ ಸಿಗುವ ನೋಂದಣಿಯಾಗಿದ್ದು, ಸಕಾಲದಲ್ಲಿ ನವೀಕರಿಸದಿದ್ದರೆ ಹೆಸರು ಕೈತಪ್ಪಿ ಬೇರೆಯವರ ಪಾಲಾಗಬಹುದು. ಕೊಲ್ಲೂರಿನಲ್ಲಿ ಯಾತ್ರಿಕರಿಗೆ ಕೋಣೆ ಕೊಡುವ ವಸತಿಗೃಹ, ಮರವಂತೆಯ ಕಡಲ ಬದಿಯ ಹೋಂಸ್ಟೇ, ಗಂಗೊಳ್ಳಿಯ ಮೀನು ವ್ಯಾಪಾರ, ಕುಂದಾಪುರದ ದಂತ ಚಿಕಿತ್ಸಾಲಯ, ಬ್ರಹ್ಮಾವರದ ನರ್ಸರಿ, ತಿರುಗಾಟದ ಆಟಗಳ ಪಟ್ಟಿ ಪ್ರಕಟಿಸಬಯಸುವ ಯಕ್ಷಗಾನ ಮೇಳ, ಇವುಗಳಲ್ಲಿ ಯಾವುದಕ್ಕೆ ಡೊಮೈನ್ ಬೇಕಾದರೂ ಅದರ ಹಿಂದಿರುವ ವ್ಯಕ್ತಿ ತನ್ನ ಹೆಸರು, ವಿಳಾಸ, ಫೋನ್ ನಂಬರ್, ಇಮೇಲ್, ಕೆಲವೊಮ್ಮೆ ಗುರುತಿನ ಚೀಟಿಯನ್ನೂ ನೋಂದಣಿ ಸಂಸ್ಥೆಗೆ ಒಪ್ಪಿಸಬೇಕಾಗುತ್ತದೆ. ಮನೆಯೇ ಕಚೇರಿಯಾಗಿರುವ, ಕಿಸೆಯಲ್ಲಿರುವ ಮೊಬೈಲೇ ವ್ಯಾಪಾರದ ಫೋನೂ ಆಗಿರುವ ಸಣ್ಣ ಉದ್ಯಮಗಳ ಮಟ್ಟಿಗೆ ಇವು ವ್ಯವಹಾರದ ವಿವರಗಳಷ್ಟೇ ಅಲ್ಲ, ಕುಟುಂಬದ ವಿವರಗಳೂ ಹೌದು.

ಈ ವಿವರಗಳು ಒಂದೆಡೆ ಡೊಮೈನ್ ಯಾರದೆಂಬುದಕ್ಕೆ ಇರುವ ಪುರಾವೆ, ಇನ್ನೊಂದೆಡೆ ಅಪರಿಚಿತರ ಕೈಸೇರಿದರೆ ಕಿರುಕುಳಕ್ಕೂ ಮೋಸಕ್ಕೂ ತೆರೆದ ಬಾಗಿಲು. ಹೀಗಾಗಿ ಸುಳ್ಳು ವಿವರ ಕೊಟ್ಟೋ, ವೆಬ್‌ಸೈಟ್ ಮಾಡಿಕೊಡುವವರ ಹೆಸರಿಗೇ ಎಲ್ಲವನ್ನೂ ಬಿಟ್ಟುಕೊಟ್ಟೋ ಗೋಪ್ಯತೆ ಕಾಯಲು ಹೊರಟವರು ಡೊಮೈನನ್ನೇ ಕಳೆದುಕೊಳ್ಳುವ ಸಂಭವವಿದ್ದು, ನಿಜವಾದ, ಆದರೆ ವಿವೇಚಿಸಿ ಆಯ್ದ ವಿವರಗಳನ್ನು ಕೊಡುವುದೇ ಹಕ್ಕು ಮತ್ತು ಗೋಪ್ಯತೆ ಎರಡನ್ನೂ ಉಳಿಸಿಕೊಳ್ಳುವ ಮಾರ್ಗವಾಗಿದೆ.

ವಿವರಗಳು ಸಾಗುವ ದಾರಿ

ಡೊಮೈನ್ ವ್ಯವಸ್ಥೆಯ ಮೇಲ್ವಿಚಾರಣೆ ನಡೆಸುವುದು 1998ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಐಕ್ಯಾನ್ ಎಂಬ ಲಾಭರಹಿತ ಸಂಸ್ಥೆ. ಅದರ ಕೆಳಗೆ ಪ್ರತಿ ಕೊನೆಪದಕ್ಕೂ, ಅಂದರೆ ಡಾಟ್ ಕಾಮ್, ಡಾಟ್ ಇನ್ ಮುಂತಾದವುಗಳಿಗೆ, ಮೂಲ ದಾಖಲೆಪುಸ್ತಕ ಇಟ್ಟುಕೊಳ್ಳುವ ಒಂದೊಂದು ರಿಜಿಸ್ಟ್ರಿ ಇರುತ್ತದೆ. ಡಾಟ್ ಕಾಮ್‌ನ ರಿಜಿಸ್ಟ್ರಿ ಅಮೆರಿಕದ ವೆರಿಸೈನ್ ಕಂಪನಿಯಾದರೆ, ಡಾಟ್ ಇನ್‌ನ ರಿಜಿಸ್ಟ್ರಿಯನ್ನು 2003ರಲ್ಲಿ ಸ್ಥಾಪಿತವಾದ ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ, ಅರ್ಥಾತ್ ನಿಕ್ಸಿ, ನಡೆಸುತ್ತದೆ. ಕನ್ನಡ ಲಿಪಿಯಲ್ಲೇ ಹೆಸರು ಪಡೆಯಲು ಅವಕಾಶ ಕೊಡುವ ‘.ಭಾರತ’ ಕೂಡ ಇದೇ ನಿಕ್ಸಿಯ ವ್ಯಾಪ್ತಿಗೆ ಸೇರಿದೆ. ರಿಜಿಸ್ಟ್ರಿಯು ಗ್ರಾಹಕರೊಡನೆ ಸಾಮಾನ್ಯವಾಗಿ ನೇರ ವ್ಯವಹಾರ ಮಾಡದೆ, ಮಾನ್ಯತೆ ಪಡೆದ ರಿಜಿಸ್ಟ್ರಾರ್ ಎಂಬ ನೋಂದಣಿ ಸಂಸ್ಥೆಗಳ ಮೂಲಕ ಹೆಸರುಗಳನ್ನು ಹಂಚುತ್ತದೆ. ಆ ರಿಜಿಸ್ಟ್ರಾರ್‌ಗಳಿಂದ ಸಗಟು ದರದಲ್ಲಿ ಪಡೆದು ಮಾರುವ ರೀಸೆಲ್ಲರ್‌ಗಳೂ ಇದ್ದು, ಊರಿನಲ್ಲಿ ವೆಬ್‌ಸೈಟ್ ಮಾಡಿಕೊಡುವ ಯುವಕರು ಅನೇಕ ವೇಳೆ ಈ ರೀಸೆಲ್ಲರ್‌ಗಳೋ ಅವರ ಗ್ರಾಹಕರೋ ಆಗಿರುತ್ತಾರೆ.

ಆದ್ದರಿಂದ ಬೈಂದೂರಿನಲ್ಲಿ ಒಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಆಧಾರ್ ಪ್ರತಿ ಮತ್ತು ವಿಳಾಸ ಮೊದಲು ಡಿಸೈನರ್‌ನ ಫೋನಿನಲ್ಲಿ, ಬಳಿಕ ರೀಸೆಲ್ಲರ್‌ನ ಖಾತೆಯಲ್ಲಿ, ಅನಂತರ ರಿಜಿಸ್ಟ್ರಾರ್‌ನ ಸರ್ವರ್‌ನಲ್ಲಿ ನೆಲೆಗೊಳ್ಳುತ್ತವೆ. ಡಾಟ್ ಕಾಮ್ ಆಗಿದ್ದರೆ ವಿವರಗಳ ಪಯಣ ಬಹುತೇಕ ಇಲ್ಲಿಗೇ ನಿಲ್ಲುತ್ತದೆ, ಏಕೆಂದರೆ ವೆರಿಸೈನ್ ತನ್ನ ದಾಖಲೆಯಲ್ಲಿ ಡೊಮೈನ್ ಹೆಸರು, ದಿನಾಂಕಗಳು, ರಿಜಿಸ್ಟ್ರಾರ್ ಯಾರೆಂಬುದು ಮತ್ತು ಸರ್ವರ್‌ಗಳ ಹೆಸರನ್ನು ಇಟ್ಟುಕೊಳ್ಳುತ್ತದೆಯೇ ಹೊರತು ಗ್ರಾಹಕರ ಹೆಸರು ವಿಳಾಸಗಳನ್ನಲ್ಲ. ಡಾಟ್ ಇನ್ ಆಗಿದ್ದರೆ ಆ ವಿವರಗಳು ನಿಕ್ಸಿಯ ರಿಜಿಸ್ಟ್ರಿಗೂ ಸೇರುತ್ತವೆ. ಈ ಸರಪಳಿಯಲ್ಲಿ ಅತ್ಯಂತ ಸಡಿಲವಾದ ಕೊಂಡಿ ದೂರದ ರಿಜಿಸ್ಟ್ರಿಯಾಗಿರುವುದಕ್ಕಿಂತ ಹತ್ತಿರದ ಫೋನ್ ಆಗಿರುವ ಸಾಧ್ಯತೆಯೇ ಹೆಚ್ಚು. ಅಲ್ಲಿಗೆ ಕಳುಹಿಸಿದ ಗುರುತಿನ ಚೀಟಿಯ ಚಿತ್ರವನ್ನು ಕೆಲಸ ಮುಗಿದ ಮೇಲೆ ಅಳಿಸಿಹಾಕಿದರೋ ಇಲ್ಲವೋ ಎಂದು ವಿಚಾರಿಸುವವರು ವಿರಳ.

ಯಾವ ವಿವರ, ಯಾವ ಕಾರಣಕ್ಕೆ

ರಿಜಿಸ್ಟ್ರಾರ್ ಕೇಳುವ ಮಾಹಿತಿಯನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ನೋಂದಣಿ ವಿವರ, ಅಂದರೆ ಹಕ್ಕುದಾರರ ಹೆಸರು, ಸಂಸ್ಥೆ, ಅಂಚೆ ವಿಳಾಸ, ಫೋನ್, ಇಮೇಲ್. ಎರಡನೆಯದು ಖಾತೆಯ ವಿವರ, ಅಂದರೆ ಪಾಸ್‌ವರ್ಡ್, ಪಾವತಿಯ ದಾಖಲೆ, ಜಿಎಸ್‌ಟಿ ಸಂಖ್ಯೆ, ಲಾಗಿನ್ ಆದ ಸಮಯ ಮತ್ತು ಐಪಿ ವಿಳಾಸ. ಮೂರನೆಯದು ಗುರುತಿನ ಪರಿಶೀಲನೆಗೆ, ಅಂದರೆ ಕೆವೈಸಿಗೆ, ಪಡೆಯುವ ದಾಖಲೆ; ಡಾಟ್ ಇನ್ ಹೆಸರುಗಳಿಗೆ ಇದನ್ನು ಕೇಳುವುದು ಈಗ ಸಾಮಾನ್ಯವಾಗಿದೆ. ಆಧಾರನ್ನೇ ಕೊಡಬೇಕಾಗಿ ಬಂದಾಗ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮಾಸ್ಕ್ಡ್ ಆಧಾರ್ ಪ್ರತಿಯನ್ನು ಆಧಾರ್ ಪ್ರಾಧಿಕಾರದ ತಾಣದಿಂದಲೇ ಇಳಿಸಿಕೊಂಡು, ಅದನ್ನು ಮಧ್ಯವರ್ತಿಗೆ ಕಳುಹಿಸುವ ಬದಲು ರಿಜಿಸ್ಟ್ರಾರ್‌ನ ಪುಟದಲ್ಲಿ ನೇರವಾಗಿ ಸಲ್ಲಿಸುವುದು ಕ್ಷೇಮ.

ಕಾರ್ಡ್ ಮೂಲಕ ಹಣ ಕಟ್ಟುವವರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2022ರ ಅಕ್ಟೋಬರ್ 1ರಿಂದ ಭಾರತದ ಕಾರ್ಡ್‌ಗಳ ಸಂಖ್ಯೆಯನ್ನು ವ್ಯಾಪಾರಿ ಸಂಸ್ಥೆಗಳು ತಮ್ಮಲ್ಲಿ ಉಳಿಸಿಕೊಳ್ಳುವಂತಿಲ್ಲ, ಬದಲಿಗೆ ಟೋಕನ್ ಎಂಬ ಸಂಕೇತವನ್ನು ಬಳಸಬೇಕು. ಪ್ರತಿ ವರ್ಷ ತಾನಾಗಿ ಹಣ ಕಡಿತವಾಗಲು ಗ್ರಾಹಕರು ಮೊದಲೇ ಇ-ಮ್ಯಾಂಡೇಟ್, ಅಂದರೆ ಬ್ಯಾಂಕಿಗೆ ಪೂರ್ವಾನುಮತಿ, ಕೊಟ್ಟಿರಬೇಕು. ಇದು ದತ್ತಾಂಶ ಸೋರಿಕೆಯ ಅಪಾಯವನ್ನು ತಗ್ಗಿಸಿತಾದರೂ, ಆಟೋ ರಿನ್ಯೂವಲ್ ಆನ್ ಮಾಡಿದ್ದೇವೆ ಎಂದು ನಿಶ್ಚಿಂತರಾಗಿರುವವರ ಪಾವತಿ, ಅದರಲ್ಲೂ ವಿದೇಶಿ ರಿಜಿಸ್ಟ್ರಾರ್‌ಗಳಲ್ಲಿ, ಸದ್ದಿಲ್ಲದೆ ವಿಫಲವಾಗುವ ಸಾಧ್ಯತೆಯನ್ನೂ ತಂದಿದೆ.

ಹೊರಗಿನವರಿಗೆ ಕಾಣುವುದೆಷ್ಟು

ಡೊಮೈನ್ ಯಾರದೆಂದು ಯಾರು ಬೇಕಾದರೂ ಹುಡುಕಿ ನೋಡಬಹುದಾದ ಹೂಈಸ್ ಎಂಬ ವ್ಯವಸ್ಥೆ 1980ರ ದಶಕದ ಆರಂಭದಿಂದಲೂ ಇತ್ತು. ಅಂತರಜಾಲ ಬಳಸುವವರು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ರೂಪುಗೊಂಡ ಈ ಪದ್ಧತಿ ವ್ಯಾಪಾರದ ಯುಗದಲ್ಲೂ ಹಾಗೆಯೇ ಮುಂದುವರಿದುದರಿಂದ, ಹೊಸ ಡೊಮೈನ್ ಪಡೆದ ಮರುದಿನವೇ ‘ಲೋಗೋ ಮಾಡಿಕೊಡುತ್ತೇವೆ, ಗೂಗಲ್‌ನಲ್ಲಿ ಮೊದಲ ಪುಟಕ್ಕೆ ತರುತ್ತೇವೆ’ ಎಂಬ ಕರೆಗಳ ಸುರಿಮಳೆಯಾಗುವುದು ಮಾಮೂಲಾಗಿತ್ತು. ಯುರೋಪಿನ ದತ್ತಾಂಶ ಸಂರಕ್ಷಣಾ ಕಾನೂನಾದ ಜಿಡಿಪಿಆರ್ 2018ರ ಮೇ 25ರಂದು ಜಾರಿಗೆ ಬರುವ ಎಂಟು ದಿನ ಮೊದಲು ಐಕ್ಯಾನ್ ತಾತ್ಕಾಲಿಕ ನಿಯಮವೊಂದನ್ನು ಅಂಗೀಕರಿಸಿ, ವ್ಯಕ್ತಿಗಳ ವಿವರವನ್ನು ಸಾರ್ವಜನಿಕ ದಾಖಲೆಯಲ್ಲಿ ಮರೆಮಾಡಲು ಅವಕಾಶ ಕಲ್ಪಿಸಿತು. ಅದರ ಸ್ಥಾನದಲ್ಲಿ ಶಾಶ್ವತ ನೀತಿಯು 2025ರ ಆಗಸ್ಟ್ 21ರಂದು ಜಾರಿಯಾಗಿದೆ. ಡಾಟ್ ಕಾಮ್‌ನಂತಹ ಸಾಮಾನ್ಯ ಕೊನೆಪದಗಳಿಗೆ 2025ರ ಜನವರಿ 28ರಿಂದ ಹೂಈಸ್‌ಗೆ ಬದಲಾಗಿ ಆರ್‌ಡಿಎಪಿ ಎಂಬ ಹೊಸ ಹುಡುಕು ವ್ಯವಸ್ಥೆಯೇ ಅಧಿಕೃತ ಮೂಲವಾಗಿದೆ.

ಡಾಟ್ ಇನ್ ಹೆಸರೊಂದರ ಸಾರ್ವಜನಿಕ ದಾಖಲೆಯನ್ನು ತೆರೆದು ನೋಡಿದರೆ ನೋಂದಣಿಯ ದಿನಾಂಕ, ಮುಗಿಯುವ ದಿನಾಂಕ, ರಿಜಿಸ್ಟ್ರಾರ್‌ನ ಹೆಸರು ಮತ್ತು ಸರ್ವರ್‌ಗಳು ಕಾಣುತ್ತವೆ. ಹಕ್ಕುದಾರರ ಹೆಸರು, ಬೀದಿ, ಊರು, ಪಿನ್ ಕೋಡ್, ಫೋನ್ ಇರಬೇಕಾದ ಸಾಲುಗಳಲ್ಲಿ ಗೋಪ್ಯತೆಗಾಗಿ ಮರೆಮಾಡಿದೆ ಎಂಬ ಸೂಚನೆ ಇರುತ್ತದೆ. ಇಮೇಲ್ ಇರುವಲ್ಲಿ ರಿಜಿಸ್ಟ್ರಾರ್‌ನನ್ನು ಸಂಪರ್ಕಿಸಿ ಎಂಬ ಒಕ್ಕಣೆ ಇರುತ್ತದೆ. ಆದರೆ ಸಂಸ್ಥೆ, ರಾಜ್ಯ, ದೇಶ ಎಂಬ ಮೂರು ಸಾಲುಗಳು ತೆರೆದೇ ಇರುತ್ತವೆ. ಹೀಗಾಗಿ ಮರವಂತೆಯಲ್ಲಿ ಒಬ್ಬರೇ ಹೋಂಸ್ಟೇ ನಡೆಸುವ ಮಹಿಳೆಯೊಬ್ಬರು ಅರ್ಜಿ ತುಂಬುವಾಗ ಸಂಸ್ಥೆಯ ಹೆಸರಿನ ಖಾನೆಯಲ್ಲಿ ಹೋಂಸ್ಟೇಯ ಹೆಸರನ್ನು ಬರೆಯದೆ ತಮ್ಮ ಪೂರ್ಣ ಹೆಸರನ್ನೇ ಬರೆದರೆ, ಉಳಿದ ಕಡೆ ಮರೆಯಾದ ಹೆಸರು ಆ ಒಂದು ಸಾಲಿನಲ್ಲಿ ಜಗತ್ತಿಗೆಲ್ಲ ಕಾಣುತ್ತದೆ. ಡಾಟ್ ಕಾಮ್‌ನಂತಹ ಹೆಸರುಗಳಿಗೆ ಅನ್ವಯಿಸುವ ಐಕ್ಯಾನ್‌ನ ಹೊಸ ನೀತಿಯಲ್ಲಿ ಈ ಖಾನೆಗೆ ಇನ್ನೂ ಹೆಚ್ಚಿನ ತೂಕವಿದ್ದು, ಅಲ್ಲಿ ಸಂಸ್ಥೆಯ ಹೆಸರು ಬರೆದರೆ ಆ ಸಂಸ್ಥೆಯನ್ನೇ ಡೊಮೈನಿನ ಹಕ್ಕುದಾರರೆಂದು ಪರಿಗಣಿಸಲಾಗುತ್ತದೆ. ಪಾಲುದಾರಿಕೆ ವ್ಯಾಪಾರಗಳಲ್ಲೂ ಟ್ರಸ್ಟ್‌ಗಳಲ್ಲೂ ಅಲ್ಲಿ ಸಂಸ್ಥೆಯ ಹೆಸರು ಇರಲೇಬೇಕು. ಇಲ್ಲವಾದರೆ ಕಾರ್ಯದರ್ಶಿ ಬದಲಾದಾಗ ಡೊಮೈನ್ ಅವರ ಹಿಂದೆಯೇ ಹೋದೀತು.

ಡಾಟ್ ಕಾಮ್ ಹೆಸರುಗಳಿಗೆ ಅನೇಕ ರಿಜಿಸ್ಟ್ರಾರ್‌ಗಳು ಪ್ರೈವಸಿ ಪ್ರೊಟೆಕ್ಷನ್ ಎಂಬ ಸೇವೆಯನ್ನು ಉಚಿತವಾಗಿಯೋ ಶುಲ್ಕಕ್ಕೋ ಕೊಡುತ್ತವೆ. ಗ್ರಾಹಕರ ವಿವರದ ಜಾಗದಲ್ಲಿ ಒಂದು ಮಧ್ಯವರ್ತಿ ಕಂಪನಿಯ ವಿವರ ಪ್ರಕಟವಾಗುವುದು ಇದರ ತಿರುಳು. ಡಾಟ್ ಇನ್ ಹೆಸರುಗಳಿಗೆ ಇಂಥ ಸೇವೆಗೆ ನಿಕ್ಸಿಯ ಅನುಮತಿಯಿಲ್ಲ. ವಿವರ ಮರೆಯಾಗಿದೆ ಎಂದಮಾತ್ರಕ್ಕೆ ಅದು ಯಾರಿಗೂ ಸಿಗದೆಂದು ಭಾವಿಸಬಾರದು. ಪೊಲೀಸರು, ನ್ಯಾಯಾಲಯಗಳು ಮತ್ತು ಟ್ರೇಡ್‌ಮಾರ್ಕ್ ಹಕ್ಕುದಾರರಂತಹವರು ಕಾರಣ ತೋರಿಸಿ ಅದನ್ನು ಕೋರಬಹುದು.

ಹಕ್ಕು ಹೆಸರಿನಲ್ಲಿರಲಿ

ಗದ್ದೆಯನ್ನು ಯಾರು ಉತ್ತರೂ ಪಹಣಿಯಲ್ಲಿ ಯಾರ ಹೆಸರಿದೆ ಎಂಬುದೇ ಕಚೇರಿಯಲ್ಲಿ ನಿಲ್ಲುವಂತೆ, ಜಾಲತಾಣಕ್ಕೆ ಯಾರು ಹಣ ಕೊಟ್ಟರೂ ರಿಜಿಸ್ಟ್ರಾರ್‌ನ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಡೊಮೈನಿನ ಹಕ್ಕುದಾರರು. ಡಿಸೈನರ್ ತನ್ನ ಒಂದೇ ಖಾತೆಯಲ್ಲಿ ಹತ್ತಾರು ಗ್ರಾಹಕರ ಹೆಸರುಗಳನ್ನು ತನ್ನದೇ ಇಮೇಲ್ ಮತ್ತು ಫೋನ್ ಕೊಟ್ಟು ನೋಂದಾಯಿಸುವುದು ಅನುಕೂಲದ ದೃಷ್ಟಿಯಿಂದ ಬೆಳೆದುಬಂದ ರೂಢಿ. ಆದರೆ ಆತ ಉದ್ಯೋಗಕ್ಕಾಗಿ ಬೆಂಗಳೂರಿಗೋ ಕೊಲ್ಲಿ ರಾಷ್ಟ್ರಕ್ಕೋ ಹೋದ ಮೇಲೆ ನವೀಕರಣದ ಸೂಚನೆ ಆತನ ಹಳೆಯ ಇಮೇಲ್‌ಗೆ ಹೋಗುತ್ತದೆ, ಇತ್ತ ವಸತಿಗೃಹದ ಬುಕಿಂಗ್ ನಿಂತುಹೋಗುತ್ತದೆ.

ಸುಳ್ಳು ವಿವರದ ಪರಿಣಾಮವೂ ಇದಕ್ಕಿಂತ ಕಡಿಮೆಯದಲ್ಲ. ಐಕ್ಯಾನ್ ಮತ್ತು ರಿಜಿಸ್ಟ್ರಾರ್‌ಗಳ ನಡುವಿನ 2013ರ ಒಪ್ಪಂದದ ಪ್ರಕಾರ ನೋಂದಣಿಯಾದ 15 ದಿನಗಳೊಳಗೆ ಇಮೇಲ್ ಅಥವಾ ಫೋನ್ ನಂಬರ್ ಪರಿಶೀಲನೆಗೊಳ್ಳಬೇಕು. ಗ್ರಾಹಕರು ಸ್ಪಂದಿಸದಿದ್ದರೆ ಡೊಮೈನನ್ನು ತಡೆಹಿಡಿಯಬಹುದು. ವಿವರ ಬದಲಾದರೆ ಏಳು ದಿನಗಳೊಳಗೆ ತಿದ್ದಿಸಬೇಕು. ಬೇಕೆಂದೇ ತಪ್ಪು ವಿವರ ಕೊಡುವುದು ಅಥವಾ ವಿಚಾರಣೆಗೆ 15 ದಿನ ಮೀರಿದರೂ ಉತ್ತರಿಸದಿರುವುದು ನೋಂದಣಿ ರದ್ದಾಗಲು ಸಾಕಾದ ಕಾರಣ. ಮೊಬೈಲ್ ನಂಬರ್ ಬಿಟ್ಟುಬಿಡುವವರು ಇನ್ನೊಂದನ್ನು ಗಮನಿಸಬೇಕು: ನಿಷ್ಕ್ರಿಯವಾದ ನಂಬರನ್ನು ದೂರಸಂಪರ್ಕ ಕಂಪನಿಗಳು 90 ದಿನಗಳ ನಂತರ ಬೇರೆಯವರಿಗೆ ಕೊಡಬಹುದಾದುದರಿಂದ, ಹಳೆಯ ಸಿಮ್‌ಗೆ ಬರುತ್ತಿದ್ದ ಓಟಿಪಿ ಅಪರಿಚಿತರ ಕೈಗೆ ಹೋಗುವ ಸಂಭವವಿದೆ.

ಸಂಸ್ಥೆಯೇ ಮುಚ್ಚಿದರೆ

ರಿಜಿಸ್ಟ್ರಾರ್ ದಿವಾಳಿಯಾದರೆ ಗ್ರಾಹಕರ ವಿವರ ಮತ್ತು ಡೊಮೈನಿನ ಗತಿ ಏನೆಂಬ ಪ್ರಶ್ನೆಗೆ ಭಾರತದಲ್ಲೇ ಉದಾಹರಣೆಯಿದೆ. ನೆಟ್ 4 ಇಂಡಿಯಾ ಎಂಬ ರಿಜಿಸ್ಟ್ರಾರ್‌ನ ವಿರುದ್ಧ 2019ರಲ್ಲಿ ದಿವಾಳಿ ಪ್ರಕ್ರಿಯೆ ಆರಂಭವಾಗಿ, ಅನಂತರ ಅದರ ಗ್ರಾಹಕರು ಹೆಸರು ನವೀಕರಿಸಲಾಗದೆ, ಬೇರೆ ಸಂಸ್ಥೆಗೆ ವರ್ಗಾಯಿಸಲೂ ಆಗದೆ ಪರದಾಡಿದರು. 2021ರಲ್ಲಿ ಐಕ್ಯಾನ್ ಅದರ ಮಾನ್ಯತೆಯನ್ನು ಕೊನೆಗೊಳಿಸಿ, ಆ ಡೊಮೈನ್‌ಗಳನ್ನು ಪಬ್ಲಿಕ್ ಡೊಮೈನ್ ರಿಜಿಸ್ಟ್ರಿ ಎಂಬ ಇನ್ನೊಂದು ರಿಜಿಸ್ಟ್ರಾರ್‌ಗೆ ಒಪ್ಪಿಸಿತು. ರಿಜಿಸ್ಟ್ರಾರ್‌ಗಳು ಗ್ರಾಹಕರ ನೋಂದಣಿ ವಿವರದ ಪ್ರತಿಯನ್ನು ಕಾಲಕಾಲಕ್ಕೆ ಮೂರನೆಯ ಸಂಸ್ಥೆಯೊಂದರಲ್ಲಿ ಠೇವಣಿಯಾಗಿ ಇಡಬೇಕೆಂಬ ನಿಯಮ ಇಂಥ ಸಂದರ್ಭಕ್ಕೆಂದೇ ಇರುವಂಥದ್ದು. ಆ ಪ್ರತಿಯಲ್ಲಿ ಗ್ರಾಹಕರ ಬದಲು ಡಿಸೈನರ್‌ನ ಹೆಸರಿದ್ದರೆ ಹೊಸ ರಿಜಿಸ್ಟ್ರಾರ್ ಸಂಪರ್ಕಿಸುವುದೂ ಡಿಸೈನರ್‌ನನ್ನೇ.

ಗ್ರಾಹಕರು ಬಿಟ್ಟುಹೋದ ಮೇಲೂ ವಿವರಗಳು ಕೂಡಲೇ ಅಳಿಯುವುದಿಲ್ಲ. ವರ್ಗಾವಣೆಯ ವಿವಾದಗಳಿಗೆ ಬೇಕಾಗುವ ಅಂಶಗಳನ್ನು ಕನಿಷ್ಠ 15 ತಿಂಗಳು ಉಳಿಸಿಕೊಳ್ಳಬೇಕೆಂದು ಐಕ್ಯಾನ್‌ನ ಹೊಸ ನೀತಿ ಹೇಳುತ್ತದೆ. ದೇಶದ ಸೈಬರ್ ಭದ್ರತಾ ತಂಡವಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸಂಸ್ಥೆಗಳು ಲಾಗ್ ದಾಖಲೆಗಳನ್ನು 180 ದಿನ ಇಟ್ಟುಕೊಳ್ಳಬೇಕು ಮತ್ತು ಸೈಬರ್ ದಾಳಿ ಗಮನಕ್ಕೆ ಬಂದ ಆರು ಗಂಟೆಗಳೊಳಗೆ ವರದಿ ಮಾಡಬೇಕು.

ಕಾನೂನಿನ ಆಸರೆ

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಸಲ್ಲಿಸಿದ್ದ ಅರ್ಜಿಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತಿತು. ಅದರ ಮುಂದುವರಿಕೆಯಾಗಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಯವರ ಅಂಕಿತ ಬಿದ್ದು, ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಅಧಿಸೂಚನೆಯ ಪ್ರಕಾರ ಸಂಸ್ಥೆಗಳ ಮುಖ್ಯ ಹೊಣೆಗಳು ಹದಿನೆಂಟು ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಿನಲ್ಲಿ, ಜಾರಿಗೆ ಬರುತ್ತವೆ. ಭಾರತದಲ್ಲಿರುವವರಿಗೆ ಸೇವೆ ಮಾರುವ ವಿದೇಶಿ ಕಂಪನಿಗಳಿಗೂ ಈ ಕಾಯ್ದೆ ಅನ್ವಯಿಸುತ್ತದೆ.

ಡೊಮೈನ್ ಗ್ರಾಹಕರಿಗೆ ಇದರಲ್ಲಿ ಪ್ರಯೋಜನಕರವಾದ ಅಂಶಗಳು ಹಲವು. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಗ್ರಾಹಕರಿಗಿರಬೇಕಾದುದರಿಂದ ಕನ್ನಡದಲ್ಲಿ ಕೇಳಿ ಪಡೆಯುವುದು ಹಕ್ಕಾಗಲಿದೆ. ತಮ್ಮ ಬಗ್ಗೆ ಏನೇನು ಸಂಗ್ರಹವಾಗಿದೆ, ಯಾರಿಗೆ ಕೊಡಲಾಗಿದೆ ಎಂದು ತಿಳಿಯುವ, ತಪ್ಪನ್ನು ತಿದ್ದಿಸುವ, ಉದ್ದೇಶ ಮುಗಿದ ಮೇಲೆ ಅಳಿಸಲು ಕೋರುವ ಹಕ್ಕುಗಳ ಜೊತೆಗೆ, ಮರಣ ಅಥವಾ ಅಶಕ್ತತೆಯ ಸಂದರ್ಭದಲ್ಲಿ ಈ ಹಕ್ಕುಗಳನ್ನು ಚಲಾಯಿಸಲು ಒಬ್ಬರನ್ನು ನಾಮನಿರ್ದೇಶನ ಮಾಡುವ ಅವಕಾಶವೂ ಇದೆ. ದತ್ತಾಂಶ ಸೋರಿಕೆಯಾದರೆ ಬಾಧಿತರಿಗೆ ವಿಳಂಬವಿಲ್ಲದೆ ತಿಳಿಸಬೇಕು. ಸೂಕ್ತ ಭದ್ರತೆ ಒದಗಿಸದ ಸಂಸ್ಥೆಗೆ ಗರಿಷ್ಠ 250 ಕೋಟಿ ರೂಪಾಯಿ ದಂಡ ವಿಧಿಸಬಹುದು. ಇದೇ ಕಾಯ್ದೆ ಗ್ರಾಹಕರ ಮೇಲೂ ಹೊಣೆ ಹೊರಿಸಿದ್ದು, ಬೇರೆಯವರ ಗುರುತಿನಲ್ಲಿ ವಿವರ ಕೊಡುವಂತಹ ಕರ್ತವ್ಯಲೋಪಕ್ಕೆ 10,000 ರೂಪಾಯಿವರೆಗೆ ದಂಡವಿದೆ. ಗ್ರಾಹಕರೇ ಸ್ವತಃ ಬಹಿರಂಗಪಡಿಸಿದ ಮಾಹಿತಿಗೆ ಕಾಯ್ದೆಯ ರಕ್ಷಣೆ ಇಲ್ಲ. ರಿಜಿಸ್ಟ್ರಾರ್ ಮರೆಮಾಡಿದ ಮನೆ ವಿಳಾಸವನ್ನು ಮಾಲೀಕರೇ ಜಾಲತಾಣದ ಸಂಪರ್ಕ ಪುಟದಲ್ಲಿ ಹಾಕಿಕೊಂಡರೆ ಕಾನೂನು ನೆರವಿಗೆ ಬಾರದು.

ಕೈಗೊಳ್ಳಬೇಕಾದ ಕ್ರಮಗಳು

1. ಖಾತೆಯನ್ನು ಸ್ವಂತ ಇಮೇಲ್‌ನಿಂದ ತೆರೆದು, ಡಿಸೈನರ್‌ಗೆ ಕೆಲಸಕ್ಕೆ ಬೇಕಾದಷ್ಟು ಪ್ರವೇಶಾವಕಾಶವನ್ನು ಮಾತ್ರ ಕೊಡಬೇಕು. ಹಲವು ರಿಜಿಸ್ಟ್ರಾರ್‌ಗಳಲ್ಲಿ ಪಾಸ್‌ವರ್ಡ್ ಹಂಚಿಕೊಳ್ಳದೆಯೇ ಇದಕ್ಕೆ ಅನುಕೂಲವಿದೆ.

2. ಮನೆಯ ಬದಲು ಅಂಗಡಿ ಅಥವಾ ಕಚೇರಿಯ ವಿಳಾಸವನ್ನೂ, ಕುಟುಂಬದ ನಂಬರಿನ ಬದಲು ವ್ಯಾಪಾರಕ್ಕೆಂದೇ ಇಟ್ಟುಕೊಂಡ ನಂಬರನ್ನೂ ಕೊಡಬೇಕು. ಇವು ನಿಜವಾದ, ಪತ್ರ ಮತ್ತು ಕರೆ ತಲುಪುವ ವಿವರಗಳಾಗಿರಬೇಕೆಂಬುದು ಮುಖ್ಯ.

3. ಸಂಪರ್ಕದ ಇಮೇಲ್ ಅದೇ ಡೊಮೈನಿನ ಮೇಲೆ ನಡೆಯುವಂಥದ್ದಾಗಿರಬಾರದು; ಡೊಮೈನ್ ಸ್ಥಗಿತಗೊಂಡ ದಿನವೇ ಆ ಇಮೇಲೂ ನಿಲ್ಲುವುದರಿಂದ ಅದನ್ನು ಮರಳಿ ಪಡೆಯುವ ದಾರಿಯೇ ಮುಚ್ಚಿಹೋಗುತ್ತದೆ.

4. ಎರಡು ಹಂತದ ದೃಢೀಕರಣವನ್ನೂ, ಒಪ್ಪಿಗೆಯಿಲ್ಲದೆ ಹೆಸರು ಬೇರೆಡೆಗೆ ಹೋಗದಂತೆ ತಡೆಯುವ ಟ್ರಾನ್ಸ್‌ಫರ್ ಲಾಕನ್ನೂ ಆನ್ ಮಾಡಿರಬೇಕು. ವರ್ಗಾವಣೆಗೆ ಬೇಕಾಗುವ ಆತ್ ಕೋಡನ್ನು ಓಟಿಪಿಯಷ್ಟೇ ಗುಟ್ಟಾಗಿ ಇಟ್ಟುಕೊಳ್ಳಬೇಕು.

5. ಈಗಾಗಲೇ ಡಿಸೈನರ್‌ನ ಹೆಸರಿನಲ್ಲಿರುವ ಡೊಮೈನನ್ನು ಸ್ನೇಹ ಚೆನ್ನಾಗಿರುವಾಗಲೇ ಸ್ವಂತ ಖಾತೆಗೆ ಬದಲಾಯಿಸಿಕೊಳ್ಳಬೇಕು. ಹಣ ಪಾವತಿಯ ರಸೀದಿ, ಪತ್ರವ್ಯವಹಾರಗಳನ್ನು ಜೋಪಾನವಾಗಿರಿಸಬೇಕು.

6. ಪ್ರೈವಸಿ ಪಾಲಿಸಿಯಲ್ಲಿ ನಾಲ್ಕು ಸಂಗತಿಗಳನ್ನಾದರೂ ಹುಡುಕಿ ಓದಬೇಕು: ವಿವರವನ್ನು ಯಾರಿಗೆ ಕೊಡುತ್ತಾರೆ, ಎಷ್ಟು ಕಾಲ ಇಡುತ್ತಾರೆ, ಜಾಹೀರಾತಿಗೆ ಬಳಸುತ್ತಾರೆಯೇ, ಕುಂದುಕೊರತೆ ಅಧಿಕಾರಿ ಯಾರು.

ನಕಲಿ ಸೂಚನೆ ಮತ್ತು ದೂರಿನ ದಾರಿ

ಅವಧಿ ಮುಗಿಯುವ ದಿನಾಂಕ ಎಲ್ಲರಿಗೂ ಕಾಣುವುದರಿಂದ ಅದನ್ನೇ ಆಧಾರವಾಗಿಟ್ಟುಕೊಂಡು ಬರುವ ನಕಲಿ ನವೀಕರಣ ಪತ್ರಗಳು ನಂಬಿಕೆ ಹುಟ್ಟಿಸುವಂತಿರುತ್ತವೆ. ಡೊಮೈನಿನ ಹೆಸರು ಸರಿಯಾಗಿರುತ್ತದೆ, ದಿನಾಂಕವೂ ಸರಿಯಾಗಿರುತ್ತದೆ, ಆದರೆ ಕಳುಹಿಸಿದ ಕಂಪನಿ ಮಾತ್ರ ಬೇರೆ. ಮೊತ್ತ ಹೆಚ್ಚು, ಗಡುವು ಇಂದೇ ಎಂಬ ಅವಸರ. ಐಕ್ಯಾನ್ ನಿಯಮದಂತೆ ನಿಜವಾದ ರಿಜಿಸ್ಟ್ರಾರ್ ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು ಮತ್ತು ಒಂದು ವಾರ ಮೊದಲು ಸೂಚನೆ ಕಳುಹಿಸಬೇಕು. ಡಾಟ್ ಕಾಮ್ ಹೆಸರು ಅಳಿಸಲ್ಪಟ್ಟ ಮೇಲೂ ಹೆಚ್ಚುವರಿ ಶುಲ್ಕ ತೆತ್ತು ಮರಳಿ ಪಡೆಯಲು 30 ದಿನಗಳ ಅವಕಾಶವಿರುತ್ತದೆ. ಆದ್ದರಿಂದ ಪತ್ರದಲ್ಲಿರುವ ಲಿಂಕ್ ಒತ್ತದೆ, ರಿಜಿಸ್ಟ್ರಾರ್‌ನ ತಾಣವನ್ನು ತಾವೇ ಟೈಪ್ ಮಾಡಿ ತೆರೆದು ಖಾತೆಯೊಳಗೆ ಪರಿಶೀಲಿಸುವಷ್ಟು ಸಮಯ ಯಾವಾಗಲೂ ಇದ್ದೇ ಇರುತ್ತದೆ.

ವಿವರ ದುರುಪಯೋಗವಾದರೆ ಮೊದಲು ರಿಜಿಸ್ಟ್ರಾರ್‌ನ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಡಬೇಕು. ಅಲ್ಲಿ ಪರಿಹಾರ ಸಿಗದಿದ್ದರೆ ಡಾಟ್ ಕಾಮ್‌ನಂತಹ ಹೆಸರುಗಳ ವಿಷಯವನ್ನು ಐಕ್ಯಾನ್‌ಗೂ, ಡಾಟ್ ಇನ್ ಮತ್ತು ‘.ಭಾರತ’ ಹೆಸರುಗಳ ವಿಷಯವನ್ನು ನಿಕ್ಸಿಗೂ ಒಯ್ಯಬಹುದು. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಉಡುಪಿಯ ಸೆನ್ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಬೇಕು. ಸೇವಾ ನ್ಯೂನತೆಯ ಬಗ್ಗೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ಜಿಲ್ಲಾ ಗ್ರಾಹಕ ಆಯೋಗವೂ ಇದ್ದು, ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಸೇವೆ ಪಡೆದವರನ್ನೂ ಕಾನೂನು ಗ್ರಾಹಕರೆಂದೇ ಪರಿಗಣಿಸುತ್ತದೆ. ಇವುಗಳಲ್ಲಿ ಯಾವ ಬಾಗಿಲು ತಟ್ಟಿದರೂ ದೂರುದಾರರಿಗೆ ಎದುರಾಗುವ ಮೊದಲ ಪ್ರಶ್ನೆ ಡೊಮೈನ್ ಅವರ ಹೆಸರಿನಲ್ಲಿದೆಯೇ ಎಂಬುದಾಗಿರುವುದರಿಂದ, ರಿಜಿಸ್ಟ್ರಾರ್‌ನ ಖಾತೆಗೆ ಲಾಗಿನ್ ಆಗಿ ಅಲ್ಲಿರುವ ಹೆಸರು, ಇಮೇಲ್ ಮತ್ತು ಫೋನ್ ನಂಬರನ್ನು ಪರಿಶೀಲಿಸುವ ಕೆಲಸವನ್ನು ತೊಂದರೆ ಬಂದ ಮೇಲಲ್ಲ, ಪ್ರತಿ ನವೀಕರಣದ ವೇಳೆ ತಪ್ಪದೆ ಮಾಡಬೇಕು.